ನಾಲ್ಕು ಸಾಲಿನ ಕವಿಗೆ ಮೈಸೂರು ಪೇಟ

ಹೋದ ಶನಿವಾರ ಇಂಗ್ಲೆಂಡಿನ ವಾರಿಂಗ್ಟನ್ನಿನ ಒಂದು ಕಮ್ಯುನಿಟಿ ಹಾಲ್‌ನಲ್ಲಿ ನಮ್ಮ ಕನ್ನಡ ಸಂಘದವರೆಲ್ಲ ಸೇರಿ ಒಬ್ಬ ಪೋರ್ಚುಗೀಸ್ ಕವಿಗೆ ಮದುವೆ ಮಾಡಿಬಿಟ್ಟೆವು. ಹಾಗಂತ ಅವನ ಅಮ್ಮ ನಂಬಿದರು. ತಪ್ಪು ಅವರದ್ದಲ್ಲ ಬಿಡಿ.

ಮೊದಲಿಂದ ಹೇಳುತ್ತೇನೆ.

ಬರ್ಚ್‌ವುಡ್‌ನ ನಮ್ಮ ಆಫೀಸಿನಲ್ಲಿ ಎನ್ರೀಕ್ ನನ್ನ ಎದುರಿನ ಡೆಸ್ಕಿನವನು. ಹಗಲು ಪಂಪುಗಳ ಡ್ರಾಯಿಂಗ್, ಸಂಜೆ ಕವಿತೆ. ತನ್ನ ದೇಶದಲ್ಲಿ ಕೆಲಸವೇ ಸಿಗದಂತಾದಾಗ ಇಲ್ಲಿಗೆ ಬಂದವನು. ಅಲ್ಲಿದ್ದಾಗಲೇ ಎರಡು ತೆಳ್ಳನೆಯ ಪುಸ್ತಕ ಬಂದಿವೆ. ಅವನ ಕವಿತೆಗಳೆಲ್ಲ ನಾಲ್ಕೇ ಸಾಲು. ಪಕ್ಕದ ಮನೆಯ ಕಸದ ಬಿನ್ ಮೇಲೊಂದು, ಬಾರದ ಬಸ್ಸಿನ ಮೇಲೊಂದು, ತನ್ನ ಬೋಳುತಲೆಯ ಮೇಲೆ ಮೂರು. (ಐದನೇ ಸಾಲು ಯಾಕಿಲ್ಲ ಎಂದು ಕೇಳಿದ್ದಕ್ಕೆ, "ನಾಲ್ಕರಲ್ಲಿ ಹೇಳಲಾಗದ್ದನ್ನ ಹೇಳಲೇಬೇಕಾ?" ಎಂದ. ಇಂಥವನನ್ನು ನಮ್ಮ ಸಂಘಕ್ಕೆ ಕರೆಯಬಾರದು ಎಂದು ನನಗೆ ಆಗಲೇ ಹೊಳೆಯಬೇಕಿತ್ತು.)

ಇಂಗ್ಲೆಂಡಿಗೆ ಬಂದ ಮೇಲೆ ಒಬ್ಬರೂ ಅವನನ್ನು ಕವಿತೆ ಓದಲು ಕರೆದಿರಲಿಲ್ಲ. ನಮ್ಮ ರಾಜ್ಯೋತ್ಸವದ ಕವಿಗೋಷ್ಠಿಗೆ ಬಾ ಎಂದಾಗ ಮುಖ ಊರಗಲವಾಯಿತು. ಅಮ್ಮನ ಮೇಲೆ ಹೊಸದೊಂದು ಬರೆದ. ಮಗ ಸ್ಟೇಜ್ ಮೇಲೆ ಓದುವುದನ್ನು ಆಕೆ ಒಮ್ಮೆಯೂ ನೋಡಿಲ್ಲವಂತೆ. ಹಾಲ್‌ಗೆ ಬಂದವನೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ನನ್ನ ಕೈಗಿಟ್ಟು, "ಇದೊಂದಕ್ಕೇ ಕಾಯ್ತಿದ್ದಾಳೆ, ಅಲ್ಲಾಡಿಸಬೇಡ" ಎಂದ.

ನಾನು ಅಲ್ಲಾಡಿಸಲಿಲ್ಲ. ಅಲ್ಲಾಡಿದ್ದು ಕಾರ್ಯಕ್ರಮ.

ಕವಿಪರಿಚಯ ಮಾಡಿದವರು ನಮ್ಮ ಅಧ್ಯಕ್ಷರು, ಡಾಕ್ಟರ್ ಶ್ರೀಪಾದ. ವೃತ್ತಿಯಲ್ಲಿ ಜಿಪಿ. ಪೇಷಂಟ್ ಬಾಯಿ ತೆರೆಯುವಷ್ಟರಲ್ಲಿ ಪ್ಯಾರಾಸಿಟಮಾಲ್ ಹೇಳಿ ಕಳಿಸುವವರು. ಅದೇ ಕೈಗೆ ಮೈಕ್ ಸಿಕ್ಕರೆ? ಪೋರ್ಚುಗೀಸರ ಹಡಗು ಹೊರಟಲ್ಲಿಂದ ಶುರು ಮಾಡಿದರು. ಹಡಗು ಆಫ್ರಿಕಾ ಸುತ್ತಿ ಬರುವಷ್ಟರಲ್ಲಿ ಹಿಂದಿನ ಸಾಲಿನ ಮಕ್ಕಳು "ಕೆನ್ ವೀ ಗೋ ಹೋಮ್?" ಎನ್ನತೊಡಗಿದ್ದರು.

"ಇವರ ಹಿರಿಯರು ಮೆಣಸಿನಕಾಯಿ ತರದೇ ಇದ್ದಿದ್ರೆ ನಮಗೆ ಮಿರ್ಚಿ ಬಜ್ಜಿ ಎಲ್ಲಿತ್ತು?" ಎಂದರು. ಭಾರಿ ಚಪ್ಪಾಳೆ. ತಕ್ಷಣ ಮಂಗಳೂರಿನ ಶೆಟ್ಟರು ಎದ್ದು, "ಉಳ್ಳಾಲಕ್ಕೆ ಬೆಂಕಿ ಇಟ್ಟದ್ದು ಯಾರು ಮಾರಾಯ್ರೆ? ಅದನ್ನೂ ಹೇಳಿ" ಎಂದು ಎನ್ರೀಕ್‌ನನ್ನು ದುರುಗುಟ್ಟಿಕೊಂಡು ನೋಡಿದರು. ಪಾಪದ ಪ್ರಾಣಿ, ಏನೂ ತಿಳಿಯದೆ ಕೈ ಮುಗಿಯಿತು. ಕವಿಯ ಕವಿತೆಗಳ ವಿಷಯ ಮಾತ್ರ ಭಾಷಣದಲ್ಲಿ ಬರಲೇ ಇಲ್ಲ.

ಆಮೇಲೆ ಸನ್ಮಾನ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಹಾರ ಹಾಕಿದ್ದು ನಮ್ಮ ಕಾರ್ಯದರ್ಶಿ ಸುಮನಾ, ಜರಿಯಂಚಿನ ರೇಷ್ಮೆ ಸೀರೆಯಲ್ಲಿ. (ಫೋಟೋ ತೆಗೆಯುತ್ತಿದ್ದದ್ದು ಅವಳ ಗಂಡ.) ಯಾರೋ ಉತ್ಸಾಹಿಗಳು ಸ್ಪೀಕರಿನಲ್ಲಿ ನಾದಸ್ವರ ಬೇರೆ ಹಾಕಿದರು. ನನ್ನ ಕೈಯಲ್ಲಿದ್ದ ಫೋನಿನಿಂದ ಒಂದು ಕೂಗು! ನೋಡಿದರೆ ಅಮ್ಮ ಅಳುತ್ತಾ ನೆರೆಹೊರೆಯವರನ್ನೆಲ್ಲ ಕರೆದು ತೋರಿಸುತ್ತಿದ್ದಾರೆ. ನಲವತ್ತು ದಾಟಿದ ಮಗ, ತಲೆಗೆ ಪೇಟ, ಕೊರಳಿಗೆ ಹಾರ, ಎದುರಿಗೆ ರೇಷ್ಮೆ ಸೀರೆಯ ಹೆಣ್ಣು. ಯಾವ ತಾಯಿಯಾದರೂ ಇನ್ನೇನು ಅಂದುಕೊಳ್ಳಬೇಕು ಹೇಳಿ?

ಕೊನೆಗೂ ಎನ್ರೀಕ್ ಮೈಕಿನ ಮುಂದೆ ಬಂದ. ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಹಾಲ್‌ನ ಕೇರ್‌ಟೇಕರ್ ಬೀಗದಕೈ ಗೊಂಚಲು ಕುಲುಕಿಸುತ್ತಾ ಪ್ರತ್ಯಕ್ಷ. ಮುಂದೆ ಝುಂಬಾ ಡ್ಯಾನ್ಸ್ ಕ್ಲಾಸ್ ಇದೆಯಂತೆ, ಕುರ್ಚಿ ತೆಗೆಯಬೇಕಂತೆ. ಶ್ರೀಪಾದರು ಮೈಕ್ ಕಿತ್ತುಕೊಂಡು ಒಂದೇ ಉಸಿರಿಗೆ ವಂದನಾರ್ಪಣೆ ಮುಗಿಸಿ, ಊಟ ಕಿಚನ್ ಪಕ್ಕದ ರೂಮಿನಲ್ಲಿ ಎಂದುಬಿಟ್ಟರು. ಬಿಸಿಬೇಳೆಬಾತಿನ ಮುಂದೆ ಯಾವ ಕವಿ ನಿಲ್ಲುತ್ತಾನೆ? ಹಾಲ್ ಖಾಲಿ.

ನನಗೆ ಮೈ ಉರಿದುಹೋಯಿತು. ಎನ್ರೀಕ್ ಹಣ್ಣಿನ ಬುಟ್ಟಿ ತಬ್ಬಿಕೊಂಡು ನಿಂತಲ್ಲೇ ನಿಂತಿದ್ದ. ಕೋಟು ನೇತುಹಾಕುವ ಮೂಲೆಗೆ ಎಳೆದುಕೊಂಡು ಹೋಗಿ ಫೋನ್ ಅವನ ಮುಂದೆ ಹಿಡಿದೆ. ಅಮ್ಮ ಏನೋ ಕೇಳಿದರು. ಇವನು ಇಲ್ಲ ಎಂದು ತಲೆಯಾಡಿಸಿದ. ಅವರು ಮತ್ತೇನೋ ಕೇಳಿದರು.

"ಏನಂತೆ?" ಎಂದೆ.

"ಮದುವೆ ಅಲ್ಲ ಅಂದೆ. ಹಾಗಾದ್ರೆ ಇಷ್ಟೆಲ್ಲ ಬರೀ ಕವಿತೆಗಾ ಅಂತಾಳೆ. ಹೌದು, ಬರೀ ಕವಿತೆಗೇ ಅಂದೆ."

ಹೇಳುವಾಗ ಅವನ ಎದೆ ಉಬ್ಬಿತ್ತು. ನಾನು ನೆಲ ನೋಡಿದೆ.

ಆಮೇಲೆ ಓದಿದ. ಪೋರ್ಚುಗೀಸ್ ನನಗೆ ಒಂದಕ್ಷರ ಬರುವುದಿಲ್ಲ. ಒಂದು ಹಪ್ಪಳ ತಿನ್ನುವಷ್ಟರಲ್ಲಿ ಮುಗಿದೇಹೋಯಿತು. ಆ ಕಡೆ ಅಮ್ಮ ಕಣ್ಣೊರೆಸಿಕೊಂಡು, ಇನ್ನೊಂದು ಸಲ ಎಂದು ಬೆರಳೆತ್ತಿ ತೋರಿಸಿದರು. (ಮದುವೆಯೆಂದು ಅತ್ತದ್ದಕ್ಕಿಂತ ಹೆಚ್ಚೇ ಅತ್ತರು. ನಾನೂ.)

ಎರಡನೇ ಸಲ ಓದುತ್ತಿರುವಾಗ ಶ್ರೀಪಾದರು ತಟ್ಟೆ ಹಿಡಿದುಕೊಂಡು ಆ ಕಡೆ ಬಂದರು. "ಅಯ್ಯೋ, ಇವರು ಓದೋದೂ ಇತ್ತಾ? ಮೊದಲೇ ಹೇಳೋದಲ್ವೇನಮ್ಮಾ!"

ಅಲ್ಲ ಸ್ವಾಮಿ, ಕವಿಗೋಷ್ಠಿಗೆ ಬಂದ ಕವಿ ಮತ್ತೇನು ಮಾಡಬೇಕಿತ್ತು, ಬಡಿಸಬೇಕಿತ್ತಾ?