ಬಾತ್‌ಟಬ್ಬಿನಲ್ಲಿ ಕೂತ ಕೋಳಿಗಳು

ಇವತ್ತು ಬೆಳಗ್ಗೆ ಹಳೆಯ ದಿಂಬೊಂದನ್ನು ಒಗೆಯಲು ಹಾಕಿದ್ದೆ. ಮೆಷಿನ್ನಿನಿಂದ ತೆಗೆಯುವಾಗ ಹೊಲಿಗೆ ಬಿಟ್ಟು ಒಳಗಿನ ಗರಿಗಳೆಲ್ಲ ಕೈಗೆ ಮೆತ್ತಿಕೊಂಡವು. ಒದ್ದೆ ಗರಿಯ ವಾಸನೆ ನಿಮಗೆ ಗೊತ್ತೋ ಇಲ್ಲವೋ. ನೆನೆದ ಗೋಣಿಚೀಲಕ್ಕೂ ಮಳೆಯಲ್ಲಿ ತೊಯ್ದ ನಾಯಿಗೂ ನಡುವಿನ ಏನೋ ಒಂದು. ಮೂಗು ಮುಚ್ಚಿಕೊಳ್ಳುವುದು ಬಿಟ್ಟು ನಾನು ಸ್ಯಾನ್ ಡಿಯಾಗೋದ ಈ ಮನೆಯ ಗರಾಜಿನಲ್ಲಿ ದಿಂಬು ಹಿಡಿದು ಸುಮ್ಮನೆ ನಿಂತುಬಿಟ್ಟೆ. ಮನಸ್ಸು ನಾವು ಹಿಂದೆ ಇದ್ದ ಸೆರಿಟೋಸ್‌ಗೆ, ಖಲೀದಾ ಆಂಟಿಯ ಕೋಳಿಗಳ ಹತ್ತಿರಕ್ಕೆ ಹೋಗಿತ್ತು.

ಎರಡು ಸಾವಿರದ ಐದರ ಆಸುಪಾಸಿನ ಮಾತು. ಅದಕ್ಕೂ ಮುಂಚೆ ನಾವು ಒಕ್ಲಹೋಮಾದಲ್ಲಿದ್ದೆವು. ಅಲ್ಲಿ ಬೇಸಿಗೆ ಹತ್ತಿರವಾಯಿತೆಂದರೆ ಟೊರ್ನೆಡೊ ಸುಂಟರಗಾಳಿಯ ಭಯ. ಸೈರನ್ ಕೂಗಿದ ಕೂಡಲೇ ಮಗಳು ತನ್ವಿಯನ್ನು ಎತ್ತಿಕೊಂಡು ಕಿಟಕಿಯಿಲ್ಲದ ಬಾತ್‌ರೂಮಿಗೆ ಓಡಿ ಟಬ್ಬಿನಲ್ಲಿ ಕೂರುವುದು ಹಾಲು ಕಾಯಿಸಿದಷ್ಟೇ ಅಭ್ಯಾಸವಾಗಿತ್ತು. ನನ್ನ ಗಂಡ ಶ್ರೀಧರನಿಗೆ ಕ್ಯಾಲಿಫೋರ್ನಿಯಾದ ರೆಡೊಂಡೊ ಬೀಚ್‌ನಲ್ಲಿ ಕೆಲಸ ಸಿಕ್ಕಿತು ಎಂದಾಗ, ಸಂಬಳ ಎಷ್ಟು ಅಂತ ಕೇಳಬೇಕಾದ ಹೆಂಡತಿ ಕೇಳಿದ್ದು, "ಅಲ್ಲಿ ಟೊರ್ನೆಡೊ ಇಲ್ಲ ತಾನೆ?"

"ಇಲ್ಲ. ಭೂಕಂಪ ಇದೆ."

"ಪರವಾಗಿಲ್ಲ. ಅದು ಹೇಳದೇ ಬರುತ್ತೆ, ಕಾಯ್ತಾ ಕೂರೋ ಗೋಳಿಲ್ಲ" ಅಂದೆ. ನನ್ನ ಧೈರ್ಯ ಅಂಥದ್ದು.

ಸೆರಿಟೋಸ್‌ನ ಆ ಬಾಡಿಗೆ ಮನೆಗೆ ಬಂದ ಮೊದಲ ವಾರ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಮರದ ಬೇಲಿಯ ಆಚೆಯಿಂದ ಒಂದು ದನಿ, "ಎಲ್ಲಿ ಹಾಳಾಗೋದ್ಯೇ ಮೂದೇವಿ, ಬಾ ಇಲ್ಲಿ" ಅಂತು. ಅಪ್ಪಟ ಮೈಸೂರು ಕನ್ನಡ. ಕೈಯಲ್ಲಿದ್ದ ಬೆಡ್‌ಶೀಟ್ ಮಣ್ಣಿಗೆ ಬಿತ್ತು. ಬೇಲಿಯ ಸಂದಿಯಲ್ಲಿ ಇಣುಕಿದರೆ ತಲೆಯ ಮೇಲೆ ದುಪಟ್ಟಾ ಹೊದ್ದ ದಪ್ಪನೆಯ ಹೆಂಗಸೊಬ್ಬರು ಕೋಳಿಯೊಂದನ್ನು ಬೈಯುತ್ತಿದ್ದರು. ಹೀಗೆ ಖಲೀದಾ ಆಂಟಿ ಪರಿಚಯವಾದದ್ದು. ಗಂಡ ತೀರಿಕೊಂಡಿದ್ದರು, ಮಗಳು ಬರ್ಬ್ಯಾಂಕ್‌ನಲ್ಲಿ ಯಾವುದೋ ಸ್ಟುಡಿಯೋದಲ್ಲಿ ಕೆಲಸದಲ್ಲಿದ್ದಳು. "ಬಾಮ್ಮ ನನ್ನ ಜೊತೆ ಇರು ಅಂತಾಳೆ. ಅಪಾರ್ಟ್‌ಮೆಂಟಲ್ಲಿ ಇವನ್ನೆಲ್ಲ ಎಲ್ಲಿ ಇಡ್ಲಿ?" ಅನ್ನುತ್ತಿದ್ದರು. ಬೇಲಿಯ ಎರಡು ಹಲಗೆ ಕಿತ್ತು ಅಲ್ಲೊಂದು ಸಣ್ಣ ಗೇಟು ಮಾಡಿಕೊಂಡೆವು. ತನ್ವಿ ಶಾಲೆಯಿಂದ ಬಂದವಳೇ ಆ ಗೇಟಿನಲ್ಲಿ ಮಾಯವಾಗುತ್ತಿದ್ದಳು.

ನಾನು ಮಾತ್ರ ಕೋಳಿಗಳಿಂದ ದೂರ. ಮೊಟ್ಟೆಯೂ ಹೊಸಿಲು ದಾಟದ ಮನೆಯಲ್ಲಿ ಬೆಳೆದವಳು. ಕೋಳಿ ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದಲ್ಲ, ಅದು ನನ್ನ ಯೋಗ್ಯತೆಯನ್ನು ಅಳೆಯುತ್ತಿದೆ ಅನಿಸಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ.

ಆ ಚಳಿಗಾಲ ಮಳೆಯೋ ಮಳೆ. ಒಂದು ಮಧ್ಯಾಹ್ನ ತನ್ವಿ ಆಗಷ್ಟೇ ಮನೆಗೆ ಬಂದಿದ್ದಳು. ಟಿವಿಯಲ್ಲಿ ನಡೆಯುತ್ತಿದ್ದ ಕಾರ್ಯಕ್ರಮ ನಿಂತು, ಕೀರಲು ಸದ್ದಿನ ಜೊತೆ ಅಕ್ಷರಗಳು ಹರಿದವು. ಟೊರ್ನೆಡೊ ವಾರ್ನಿಂಗ್, ನಮ್ಮದೇ ಕಡೆಗೆ. ಮೊದಲು ನಗು ಬಂತು. ಕ್ಯಾಲಿಫೋರ್ನಿಯಾದಲ್ಲಿ ಟೊರ್ನೆಡೊನೇ? ಆಮೇಲೆ ಕಿಟಕಿಯ ಹೊರಗೆ ನೋಡಿದೆ. ಪಶ್ಚಿಮದ ಆಕಾಶ ಹಳೆಯ ಪೆಟ್ಟಿನ ಕಲೆಯ ಹಾಗೆ ಹಸಿರು ಹಸಿರಾಗಿತ್ತು. ಆ ಬಣ್ಣ ನನಗೆ ಗೊತ್ತು.

"ಮಮ್ಮಿ, ಟಬ್" ಅಂದಳು ತನ್ವಿ. ಅವಳಿಗೂ ಗೊತ್ತು.

ತಲೆಗೆ ಅಡ್ಡ ಹಿಡಿಯಲೆಂದು ಅವಳ ಮಂಚದ ಹಾಸಿಗೆಯನ್ನು ಎಳೆದು ಬಾತ್‌ರೂಮಿಗೆ ಹಾಕಿದೆ. ನಮ್ಮ ಬಾತ್‌ರೂಮಿಗೆ ಕಿಟಕಿಯಿಲ್ಲ, ಆಂಟಿಯ ಮನೆಯಲ್ಲಿ ಎಲ್ಲೆಲ್ಲೂ ಗಾಜು. "ಟಬ್ಬಿನಲ್ಲಿ ಕೂತಿರು, ಕದಲಬೇಡ" ಅಂತ ಮಗಳಿಗೆ ಹೇಳಿ ಗೇಟಿನತ್ತ ಓಡಿದೆ. ಆಂಟಿ ಮಳೆಯಲ್ಲಿ ಗೂಡಿನ ಮುಂದೆ ನಿಂತಿದ್ದರು. ಅವರಿಗೆ ಮಂಡಿನೋವು. ಬಗ್ಗಲು ಆಗದೆ ಕೋಲಿನಿಂದ ಕೋಳಿಗಳನ್ನು ಹೊರಗೆ ಅಟ್ಟುತ್ತಿದ್ದರು.

"ಆಂಟಿ, ಬಿಡಿ ಅವನ್ನ. ನಮ್ಮನೆಗೆ ಬನ್ನಿ."

"ಇವನ್ನ ಬಿಟ್ಟು ನಾನು ಬರಲ್ಲಮ್ಮ. ನೀನು ಹೋಗು, ಮಗು ಒಂದೇ ಇದೆ."

ಅವರ ಮುಖ ನೋಡಿದೆ. ವಾದ ಮಾಡಿ ಪ್ರಯೋಜನವಿರಲಿಲ್ಲ. ಬಟ್ಟೆಯ ಬುಟ್ಟಿ ತಂದು ಗೂಡಿನೊಳಕ್ಕೆ ಕೈಹಾಕಿದೆ.

"ರೆಕ್ಕೆ ಒತ್ತಿ ಹಿಡಿ. ಮಗು ಎತ್ಕೊಂಡ ಹಾಗೆ. ಹೆದರಬೇಡ, ಅದಕ್ಕೆ ನಿನಗಿಂತ ಜಾಸ್ತಿ ಹೆದರಿಕೆ."

ಮುಟ್ಟಿದರೆ ಬೆಚ್ಚಗಿತ್ತು. ಗರಿಗಳ ಒಳಗೆ ಅದರ ಎದೆ ಹೊಡೆದುಕೊಳ್ಳುವುದು ನನ್ನ ಬೆರಳಿಗೆ ತಾಗಿತು. ಒಂದೊಂದಾಗಿ ಬುಟ್ಟಿಗೆ ಹಾಕಿ ಮೇಲೆ ಟವೆಲ್ ಮುಚ್ಚಿದೆವು, ಕತ್ತಲಾದರೆ ಸುಮ್ಮನಾಗುತ್ತವಂತೆ. ಜಾಗ ಸಾಲದ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡೆ. "ಬೇಗಂ ಎಲ್ಲಿ?" ಅಂದರು ಆಂಟಿ. ಬೇಗಂ ಅಂದರೆ ಕಾವಿಗೆ ಬಂದಿದ್ದ ಕೆಂಪು ಕೋಳಿ. ಗೂಡಿನಲ್ಲಿರಲಿಲ್ಲ. ಅಷ್ಟರಲ್ಲಿ ಮಳೆ ತಟಕ್ಕನೆ ನಿಂತಿತು, ಗಾಳಿಯೂ ನಿಂತಿತು. ಆ ನಿಶ್ಶಬ್ದದ ಅರ್ಥ ಗೊತ್ತಿದ್ದ ನಾನು ಆಂಟಿಯ ರಟ್ಟೆ ಹಿಡಿದು ಎಳೆದುಕೊಂಡೇ ಬಂದೆ.

ಟಬ್ಬಿನಲ್ಲಿ ನಾವು ಮೂವರು, ನಡುವೆ ಕೋಳಿಬುಟ್ಟಿ, ತಲೆಯ ಮೇಲೆ ಹಾಸಿಗೆ. ಆಮೇಲೆ ಸದ್ದು ಬಂತು. ದೊಡ್ಡ ತಗಡೊಂದನ್ನು ಯಾರೋ ರಸ್ತೆಯುದ್ದಕ್ಕೂ ಎಳೆದುಕೊಂಡು ಬರುತ್ತಿರುವ ಹಾಗೆ. ಕಿವಿ ಗವ್ವೆಂದಿತು. ಟಬ್ಬಿನ ನೀರು ಹೋಗುವ ತೂತು ಗೊಳಗೊಳ ಅಂದಿತು. ಶ್ರೀಧರ ಇನ್ನೂ ಫ್ರೀವೇಯಲ್ಲಿದ್ದ, ಫೋನ್ ಹತ್ತುತ್ತಿರಲಿಲ್ಲ. ಮಗಳು ನನ್ನ ಹೊಟ್ಟೆಗೆ ಮುಖ ಒತ್ತಿದ್ದಳು. ಆಂಟಿ ಅಲ್ಲಾಹುವನ್ನು ಕರೆಯುತ್ತಿದ್ದರು, ನಾನು ನರಸಿಂಹನನ್ನು. ಕಂಕುಳಲ್ಲಿದ್ದ ಕೋಳಿ ಯಾರನ್ನೂ ಕರೆಯದೆ ನನ್ನ ರವಿಕೆಯ ಮೇಲೆ ಹಿಕ್ಕೆ ಹಾಕಿತು.

ಎಷ್ಟು ಹೊತ್ತೋ ತಿಳಿಯದು. ಸದ್ದು ದೂರವಾಯಿತು, ಮತ್ತೆ ಮಾಮೂಲಿ ಮಳೆ ಶುರುವಾಯಿತು. ಮಳೆಯ ಸದ್ದು ಅಷ್ಟು ಹಿತವಾಗಿ ಕೇಳಿದ್ದು ಅದೇ ಮೊದಲು.

ಹೊರಗೆ ಬಂದರೆ ನಮ್ಮ ಮಾಡಿನ ಒಂದು ಮೂಲೆಯ ಹೆಂಚು ಹಾರಿತ್ತು, ಅಷ್ಟೇ. ಆದರೆ ಆಂಟಿಯ ಕೋಳಿಗೂಡು ಇದ್ದ ಕಡೆ ಬರೀ ನೆಲ. ಅದರ ಚಾವಣಿ ಮೂರನೇ ಮನೆಯ ಈಜುಕೊಳದಲ್ಲಿ ತೇಲುತ್ತಿತ್ತು. ಆಂಟಿ ಆ ನೆಲವನ್ನೇ ನೋಡುತ್ತಾ ನಿಂತರು. ಗೂಡಿನ ಮುಂದೆ ಅವರು ಹಟ ಹಿಡಿದು ನಿಂತಿದ್ದನ್ನು ನೆನೆದು ನಾನು ಅವರ ರಟ್ಟೆಯನ್ನು ಮತ್ತೆ ಹಿಡಿದುಕೊಂಡೆ.

"ಬೇಗಂ ಈಸ್ ಹಿಯರ್" ಅಂತ ತನ್ವಿ ಕೂಗಿದಳು. ಗೋಡೆಯ ಮೂಲೆಯಲ್ಲಿ ಅಡ್ಡ ಬಿದ್ದಿದ್ದ ದೊಡ್ಡ ಹೂಕುಂಡದೊಳಗೆ, ಯಾರಿಗೂ ಕಾಣದಂತೆ ಇಟ್ಟಿದ್ದ ತನ್ನ ಮೊಟ್ಟೆಗಳ ಮೇಲೆ ಬೇಗಂ ಕೂತಿತ್ತು. ಆಂಟಿ ಕೈಚಾಚಿದರೆ ಕುಕ್ಕಿತು.

"ನೋಡಮ್ಮ, ಊರೇ ಹಾರಿಹೋದ್ರೂ ಎದ್ದಿಲ್ಲ ಇದು" ಅಂದರು ಆಂಟಿ. ಅಳುತ್ತಿದ್ದರೋ ನಗುತ್ತಿದ್ದರೋ, ಮಳೆಯಲ್ಲಿ ಗೊತ್ತಾಗಲಿಲ್ಲ.

ಶ್ರೀಧರ ತಲುಪಿದಾಗ ಕತ್ತಲಾಗುತ್ತಿತ್ತು. ದಾರಿಯುದ್ದಕ್ಕೂ ಏನೇನು ಕಲ್ಪಿಸಿಕೊಂಡು ಬಂದಿದ್ದನೋ, ಕಾರಿನ ಬಾಗಿಲನ್ನೂ ಹಾಕದೆ ಒಳಗೆ ಓಡಿಬಂದ. ಆಂಟಿ ನಮ್ಮ ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತಿದ್ದರು. ನಾನು ಬಾತ್‌ರೂಮಿನ ನೆಲದಲ್ಲಿ ಕೂತು ತೊಡೆಯ ಮೇಲೊಂದು ಕೋಳಿ ಇಟ್ಟುಕೊಂಡು ಹೇರ್ ಡ್ರೈಯರಿನಿಂದ ಒಣಗಿಸುತ್ತಿದ್ದೆ. ಅವನು ಬಾಗಿಲಿಗೆ ಒರಗಿ ನಿಂತ.

"ಎಲ್ಲರೂ ಇದ್ದೀರಾ?" ಅಂದ.

"ಎಲ್ಲರೂ ಇದ್ದೀವಿ" ಅಂದೆ.

ದಿಂಬನ್ನು ಕಸಕ್ಕೆ ಹಾಕಿ ಗರಾಜಿನಿಂದ ಹೊರಗೆ ಬಂದೆ. ಈ ಬೀದಿಗೆ ಬಂದು ವರ್ಷವಾಗಿದೆ, ಪಕ್ಕದ ಮನೆಯವಳೊಂದಿಗೆ ಕೈಬೀಸುವುದರ ಆಚೆ ಮಾತಿಲ್ಲ. ಅವಳು ತನ್ನ ಮುದಿ ನಾಯಿಯನ್ನು ಅಡ್ಡಾಡಿಸುತ್ತಿದ್ದಳು. ನಾನೇ ಹೋಗಿ ಹೆಸರು ಹೇಳಿ, ಫೋನ್ ನಂಬರ್ ಕೊಟ್ಟೆ. ಗಾಳಿಯೋ ಬೆಂಕಿಯೋ ಏನೇ ಬಂದರೂ ನಮ್ಮನೆಗೆ ಬನ್ನಿ, ನಾಯಿಯನ್ನೂ ಕರೆತನ್ನಿ ಅಂದೆ.

"ನನ್ನ ಹತ್ತಿರ ಎರಡು ಬೆಕ್ಕೂ ಇವೆ" ಅಂದಳು, ಸಂಕೋಚದಿಂದ.

"ಜಾಗ ಆಗುತ್ತೆ" ಅಂದೆ.