ಎಗರಿದ್ದು, ನಿಲ್ಲದ್ದು

ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ ಕತ್ತಿಯ ಅಲಗಿಗೆ ಹಾಲಿನಂಥ ಸೊನೆ ಅಂಟುತ್ತದೆ. ಒಣಗಿದ ಮೇಲೆ ಕಂದಾಗುತ್ತದೆ. ಉಗುರಿನಿಂದ ಕೆರೆದರೆ ಮಾತ್ರ ಬಿಡುತ್ತದೆ. ಕೋಲಾರದಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನಿ ಹಿತ್ತಿಲ ಕೋಣೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಮೊನ್ನೆ ಸಂಜೆ ಕಾಲೇಜಿನಿಂದ ಬಂದಾಗ ಅವರು ಸೊಪ್ಪು ಹೆಚ್ಚುತ್ತಿದ್ದರು. ಆ ಹಸಿ ವಾಸನೆಗೆ ಬಾಗಿಲಲ್ಲೇ ನಿಂತುಬಿಟ್ಟೆ.

ಅಂದಿನ ಪತ್ರಿಕೆಯಲ್ಲಿ ನಮ್ಮ ಮತ್ತೊಂದು ರಾಕೆಟ್ ಸಮುದ್ರಕ್ಕೆ ಬಿದ್ದ ಸುದ್ದಿಯಿತ್ತು. ಅದು ಸೋಲೋ, ಅರ್ಧ ಗೆಲುವೋ ಎಂದು ನಮ್ಮ ವಿಭಾಗದಲ್ಲಿ ಮಧ್ಯಾಹ್ನವಿಡೀ ಚರ್ಚೆ ನಡೆದಿತ್ತು. ಭೌತಶಾಸ್ತ್ರ ಕಲಿಸುವವಳಾದರೂ ನಾನು ಬಾಯಿ ತೆರೆದಿರಲಿಲ್ಲ. ಆ ಚರ್ಚೆಯನ್ನು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ.

ಆಗ ಅಪ್ಪ ಬೈರಕೂರಿನಲ್ಲಿ ಮೇಷ್ಟರಾಗಿದ್ದರು. ಪಕ್ಕದ ಮನೆಗೆ ಗಡಿಯಾಚೆಯಿಂದ ಸೊಸೆಯಾಗಿ ಬಂದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳ ಕನ್ನಡದ ನಡುವೆ ತೆಲುಗು ತಾನಾಗಿ ಬಂದು ಕೂರುತ್ತಿತ್ತು. ಎರಡು ಮನೆಗೂ ಸೇರಿದ ಅಂಗಳದಲ್ಲಿ ಕೂತು ಅವಳು ಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದಳು. ನಾನು ತಟ್ಟೆಗಳಿಗೆ ಉದುರಿಸುತ್ತಿದ್ದೆ. ತೋಟದ ಮೂಲೆಯ ಒಂದು ಗಿಡದಿಂದ ಮಾತ್ರ ಅವಳು ಎಂದೂ ಸೊಪ್ಪು ಕೊಯ್ಯುತ್ತಿರಲಿಲ್ಲ. ಒಮ್ಮೆ ನಾನು ಅದಕ್ಕೆ ಕೈ ಹಾಕಿದಾಗ ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದು, "ಅದು ಬ್ಯಾಡಮ್ಮಾ, ಅದು ಅವಳದು" ಅಂದಿದ್ದಳು.

ಹಿಂದಿನ ವರ್ಷ ಅವಳಿಗೊಂದು ಹೆಣ್ಣು ಮಗು ಹುಟ್ಟಿತ್ತು. ಒಂದು ರಾತ್ರಿ ಅತ್ತು, ಹಾಲು ಕುಡಿದು, ಬೆಳಗಾದ ಮೇಲೆ ಹೋಗಿಬಿಟ್ಟಿತು. ಅದನ್ನು ಆ ಗಿಡದ ಬುಡದಲ್ಲೇ ಮಣ್ಣು ಮಾಡಿದ್ದರು. ಹೆಸರಿಟ್ಟಿರಲಿಲ್ಲ. ಅದಕ್ಕೂ ಮೊದಲು ಬಸಿರು ಇಳಿದುಹೋಗಿತ್ತಂತೆ. "ಅವಳಿಗೆ ನಿಲ್ಲಲ್ಲ" ಎನ್ನುತ್ತಿದ್ದರು ಊರಲ್ಲಿ. ಏನು ನಿಲ್ಲುವುದಿಲ್ಲ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ... ಹೇಳಬೇಕಾಗಿಯೂ ಇರಲಿಲ್ಲ. ಅವಳ ಅತ್ತೆ ಮಗನ ಎರಡನೇ ಮದುವೆಗೆಂದು ಶ್ರೀನಿವಾಸಪುರದ ಕಡೆ ಹೆಣ್ಣು ನೋಡಿ ಬಂದಿದ್ದರು. ಮಗ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಅವನ ಒಂದು ಮಾತಿನ ಮೇಲೆ ಅಕ್ಕನ ಬದುಕು ನಿಂತಿತ್ತು.

ಅಂಥ ದಿನಗಳಲ್ಲಿ ಒಂದು ಸಂಜೆ ರೇಡಿಯೋದಲ್ಲಿ ಆ ಸುದ್ದಿ ಬಂತು. ನಮ್ಮವರದೇ ರಾಕೆಟ್, ಹಾರಿತು, ಸ್ವಲ್ಪ ಹೊತ್ತಿಗೆ ಸಮುದ್ರಕ್ಕೆ ಬಿತ್ತು. ಅಕ್ಕನ ಗಂಡ ನಮ್ಮ ಜಗಲಿಯಲ್ಲಿ ಬೀಡಿ ಹಚ್ಚಿ ಕೂತಿದ್ದ. ಮೊದಲ ಸಲಕ್ಕೆ ಇಷ್ಟಾದದ್ದೂ ಗೆಲುವೇ ಎಂದು ಅಪ್ಪ ಹೇಳಿದ್ದೇ ತಡ, ಅವನು ನಕ್ಕ.

"ಏನ್ ಮೇಷ್ಟ್ರೇ, ನಿಮ್ಮ ಹುಡುಗ ಪೇಪರಲ್ಲಿ ಹೆಸರು ಬರೆದು ಎದ್ದು ಬಂದ್ರೆ ಪಾಸ್ ಮಾಡ್ತೀರಾ?"

"ಪಾಸ್ ಮಾಡಲ್ಲ. ಆದ್ರೆ ಪರೀಕ್ಷೆಗೆ ಬರಲೇ ಇಲ್ಲ ಅಂತ ಬರೆಯೋಕಾಗಲ್ಲ ಕಣಯ್ಯಾ."

"ಅಂಗಾದ್ರೆ ಫೇಲು ಅನ್ನಿ!"

ಪಕ್ಕದ ಹೊಸಿಲ ಮೇಲೆ ಎಲೆಯಡಿಕೆ ಹಾಕುತ್ತಿದ್ದ ಅಕ್ಕನ ಅತ್ತೆ ಅಂಗಳಕ್ಕೆ ಉಗಿದು, "ಎಗರೋದೇನ್ ದೊಡ್ದು? ಕೋಳೀನೂ ಎಗರ್ತೈತೆ. ಮೇಲೆ ಹೋದದ್ದು ನಿಲ್ಲಬೇಕು. ನಿಲ್ಲದೆ ಇದ್ದಿದ್ದೂ ಒಂದು ಲೆಕ್ಕಾನಾ?" ಎಂದರು.

ಅಂಗಳದಲ್ಲಿ ಅಕ್ಕ ಸೊಪ್ಪು ಹೆಚ್ಚುತ್ತಿದ್ದ ಸದ್ದು ನಿಂತಿತು. ಆ ಪದ ಎಲ್ಲಿಗೆ ಹೋಗಿ ನಾಟಿತೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ನನಗೂ ಗೊತ್ತಾಯಿತು.

"ಎಗಿರಿಂದಿ ಕದಾ ಅತ್ತಾ..." ಅಕ್ಕ ತಲೆ ಎತ್ತಲಿಲ್ಲ. "ಎಗರಿತಲ್ಲಾ. ನೋಡಿದೋರು ಇದಾರೆ. ಎಗರಲೇ ಇಲ್ಲ ಅಂತ ಎಂಗಂತೀರಾ?"

"ಲೇ, ರಾಕೆಟ್ ಮಾತು ಕಣೇ ಇದು" ಅಂದ ಗಂಡ.

"ನಾನೂ ರಾಕೆಟ್ ಮಾತೇ ಆಡಿದ್ದು."

ಅವನು ಅವಳನ್ನೇ ನೋಡುತ್ತಿದ್ದ. ಏನೋ ಹೇಳುತ್ತಾನೆ ಎಂದುಕೊಂಡೆ. ಅವಳೂ ಹಾಗೇ ಅಂದುಕೊಂಡಿರಬೇಕು. ಕತ್ತಿ ಹಿಡಿದ ಕೈ ಸೊಪ್ಪಿನ ಮೇಲೆ ಹಾಗೇ ಇತ್ತು. ಅವನು ಬೀಡಿಯನ್ನು ನಮ್ಮ ಜಗಲಿಯ ಕಲ್ಲಿಗೆ ಒತ್ತಿ ಆರಿಸಿ, ಎದ್ದು ಬೀದಿಗೆ ಹೋದ. ಅಪ್ಪ ರೇಡಿಯೋ ಆರಿಸಿದರು.

ಮುಂದಿನ ಲಗ್ನದಲ್ಲೇ ಅವನ ಮದುವೆಯಾಯಿತು. ಹೊಸಬಳಿಗೆ ಸೀಮಂತವಾಗುವವರೆಗೂ ಅಕ್ಕ ಅದೇ ಅಂಗಳದಲ್ಲಿ ಸೊಪ್ಪು ಹೆಚ್ಚಿದಳು. ಸೀಮಂತದ ದಿನ ಆರತಿಗೆ ಅವಳನ್ನು ಕರೆಯಲಿಲ್ಲ. ಒಳಗೆ ಹಾಡು ಕೇಳುತ್ತಿತ್ತು. ಅವಳು ತೋಟದ ಮೂಲೆಗೆ ಹೋಗಿ ಆ ಗಿಡದ ಬುಡಕ್ಕೆ ಒಂದು ಕೊಡ ನೀರು ಹೊಯ್ದು ಬಂದಳು. ಕೆಲವು ದಿನಗಳ ಮೇಲೆ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಬಸ್ಸು ಹತ್ತುವಾಗ ನನ್ನ ಕೆನ್ನೆ ಮುಟ್ಟಿದಳು. ಬೆರಳುಗಳಲ್ಲಿ ಅದೇ ವಾಸನೆ...

ನಾವು ಆ ಊರು ಬಿಟ್ಟ ಮೇಲೆ, ನಾನು ಡಿಗ್ರಿ ಓದುತ್ತಿದ್ದಾಗ, ಅವಳು ತವರಿನಲ್ಲೇ ತೀರಿಕೊಂಡಳೆಂದು ತಿಳಿಯಿತು. ಯಾವ ಕಾಯಿಲೆಯೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸುದ್ದಿ ತಂದವರು, "ಹಿಂದೆ ಮುಂದೆ ಯಾರೂ ಇಲ್ಲದೋಳು ಬಿಡಿ" ಎಂದು ಕಾಫಿ ಕುಡಿದು ಎದ್ದಿದ್ದರು. ಆ ತೋಟವನ್ನೂ ಬೇರುಸಹಿತ ಕಿತ್ತು ಈಗ ಟೊಮೇಟೊ ಹಾಕಿದ್ದಾರಂತೆ. ಮೂಲೆಯ ಗಿಡವೆಂದು ಬಿಟ್ಟಿರಲಾರರು.

ಮೊನ್ನೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಯಜಮಾನಿ ಯಾಕೆಂದು ಕೇಳಿದರು. ಹೀಗೇ ಸೊಪ್ಪು ಹೆಚ್ಚುತ್ತಿದ್ದ ಒಬ್ಬ ಅಕ್ಕ ಇದ್ದಳು, ಈಗಿಲ್ಲ ಎಂದಷ್ಟೇ ಹೇಳಿದೆ.

"ಪಾಪ. ಮಕ್ಕಳೆಷ್ಟು ಆಯಮ್ಮನಿಗೆ?"

ನಾನು ಕೋಣೆಗೆ ಹೋದೆ. ಇದ್ದವು ಎಂದರೆ ಎಲ್ಲಿ ಎಂದು ಕೇಳುತ್ತಾರೆ. ಇರಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಟವಳು ಹಿತ್ತಿಲಿಗೆ ಹೋದೆ. ಅವರು ಆಗಲೇ ಸೊಪ್ಪಿನ ಮುಂದೆ ಕೂತಿದ್ದರು.

"ನಿನ್ನೆ ಕೇಳಿದ್ರಲ್ಲ" ಅಂದೆ. "ಒಂದು. ಹೆಣ್ಣು ಮಗು."