ಒಂದೇ ಏಟಿನ ಅರ್ಜಿ

ಬಹ್ರೇನಿನ ಗುದೈಬಿಯಾದಲ್ಲಿ ನನ್ನ ರೂಮಿನಲ್ಲೇ ಇದ್ದ ಶೆಟ್ರು ಒಂದು ಕಂಪೆನಿಯ ಹೆಡ್ ಕ್ಲಾರ್ಕ್. ಊರಲ್ಲಿ ಬೇಲಿ ಜಗಳದಲ್ಲಿ ನೆರೆಮನೆಯವನಿಗೆ ಹೊಡೆದರೆಂದು ಅವರ ಮೇಲೆ ಕ್ರಿಮಿನಲ್ ಕೇಸಿತ್ತು. ರಜೆಗೆ ಹೋದರೆ ಅರೆಸ್ಟ್.

"ವಕೀಲ ಯಾಕೆ ಮಾರಾಯ್ರೆ? ಕೇಸು ವಜಾ ಮಾಡಿ ಅಂತ ನಾನೇ ಸೀದಾ ಸುಪ್ರೀಂ ಕೋರ್ಟಿಗೆ ಬರೆಯುತ್ತೇನೆ" ಎಂದು ನನ್ನನ್ನು ಟೈಪ್‌ರೈಟರ್ ಮುಂದೆ ಕೂರಿಸಿದರು.

ಹೇಳಿ ಬರೆಸಿದ ಮೊದಲ ಸಾಲೇ, "ನಾನು ಹೊಡೆದದ್ದು ಒಂದೇ ಏಟು, ಮೂರಲ್ಲ."

"ಶೆಟ್ರೇ, ಇದು ತಪ್ಪೊಪ್ಪಿಕೊಂಡ ಹಾಗಾಯ್ತಲ್ಲ?" ಎಂದೆ.

"ದೊಡ್ಡ ಕೋರ್ಟಿಗೆ ನಿಜ ಹೇಳಬೇಕು. ಊರಿನ ಮ್ಯಾಜಿಸ್ಟ್ರೇಟರ ಎದುರು ಹೊಡೆದೇ ಇಲ್ಲ ಅಂತ ಹೇಳುವುದು."

ಮುಗಿಯಿತೆಂದು ನಾನು ಕಾಗದ ತೆಗೆಯಹೊರಟರೆ ತಡೆದರು. "ಕೆಳಗೆ 'ಪ್ರತಿ' ಹಾಕದೆ ಲೆಟರ್ ಉಂಟಾ? ಹಾಕಿ: ಪ್ರತಿ, ಊರಿನ ಮ್ಯಾಜಿಸ್ಟ್ರೇಟರಿಗೆ, ಮಾಹಿತಿಗಾಗಿ."

ಕಾರ್ಬನ್ ಹೊಸದು. ಪ್ರತಿ ಬಹಳ ಸ್ಪಷ್ಟವಾಗಿ ಮೂಡಿತ್ತು.